ಹತ್ತು ನಿಮಿಷದ ಪರೀಕ್ಷೆ

ಅಕ್ಕನ ಕಂಪ್ಯೂಟರಿನ ಪವರ್ ಸಪ್ಲೈಯನ್ನು ನಾನು ರಿಪೇರಿ ಮಾಡಿ, ಪೂರ್ತಿ ಪರೀಕ್ಷಿಸದೆ ಕೊಟ್ಟೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಗೊತ್ತಾದ ಮೇಲೂ ಒಂದು ವರ್ಷ ಬಾಯಿ ಬಿಡಲಿಲ್ಲ.

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಶಿವಮೊಗ್ಗದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಕ್ಕ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಎಂಬ್ರಾಯ್ಡರಿ ಮೆಷಿನ್ ಇಟ್ಟಿದ್ದಳು. ಮದುವೆ ಬ್ಲೌಸಿನ ನವಿಲು, ಬಳ್ಳಿ ಎಲ್ಲವನ್ನೂ ತಾನೇ ಕಂಪ್ಯೂಟರಿನಲ್ಲಿ ಬಿಡಿಸಿ ಮೆಷಿನ್ನಿಗೆ ಕೊಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಮೂರು ವರ್ಷದ ಡಿಸೈನುಗಳು ಅದರಲ್ಲಿದ್ದವು.

ಕಂಪ್ಯೂಟರ್ ಆಗಾಗ ತಾನಾಗೇ ಆಫ್ ಆಗತೊಡಗಿತು. ಪವರ್ ಸಪ್ಲೈ ಬಿಚ್ಚಿ ಅಂಗಡಿಗೆ ತಂದು, ಊದಿಕೊಂಡಿದ್ದ ಎರಡು ಕೆಪಾಸಿಟರ್ ತೆಗೆದು ಹಳೆಯ ಬೋರ್ಡೊಂದರಿಂದ ಕಿತ್ತವನ್ನು ಹಾಕಿದೆ. ಮೀಟರ್ ಹಿಡಿದರೆ ಸರಿಯಾಗಿ ಹನ್ನೆರಡು ವೋಲ್ಟ್. ನಮ್ಮ ಮಾಲೀಕರು ಅಷ್ಟಕ್ಕೆ ಒಪ್ಪುವವರಲ್ಲ. ಕಾರಿನ ಹೆಡ್‌ಲೈಟ್ ಬಲ್ಬ್ ಉರಿಸಿ ಲೋಡ್ ಕೊಟ್ಟು, ವೋಲ್ಟೇಜಿನ ಏರಿಳಿತವನ್ನು ಸ್ಕೋಪ್ ಎಂಬ ಯಂತ್ರದ ಪರದೆಯ ಮೇಲೆ ಗೆರೆಯಾಗಿ ನೋಡಬೇಕು. "ಮೀಟರು ಸರಾಸರಿ ಹೇಳುತ್ತೆ ಕಣಯ್ಯಾ, ನಡುಕ ಹೇಳಲ್ಲ" ಎನ್ನುತ್ತಿದ್ದರು. ಸ್ಕೋಪ್ ಅದೇ ಮೇಜಿನ ಮೇಲಿತ್ತು. ಹತ್ತು ನಿಮಿಷದ ಕೆಲಸ. ಭದ್ರಾವತಿ ಬಸ್ಸು ತಪ್ಪುತ್ತದೆಂದು ಎದ್ದುಬಿಟ್ಟೆ.

ಮೂರು ವಾರಕ್ಕೆ ಹಾರ್ಡ್ ಡಿಸ್ಕ್ ಹೋಯಿತು. ಒಂದು ಡಿಸೈನೂ ವಾಪಸ್ ಬರಲಿಲ್ಲ.

"ನಿನ್ ರಿಪೇರಿ ಸರಿ ಇತ್ತಲ್ವೇನೋ?" ಅಕ್ಕ ಮೆಲ್ಲಗೆ ಕೇಳಿದಳು.

ಭಾವ ಪಕ್ಕದಲ್ಲೇ ನಿಂತಿದ್ದರು. "ನಂದೆಲ್ಲ ಸರಿ ಇತ್ತು. ನೀನೇ ಶಟ್‌ಡೌನ್ ಮಾಡ್ದೆ ಸ್ವಿಚ್ ಆರಿಸಿರ್ತೀಯ" ಎಂದೆ.

ಭಾವ ನಕ್ಕರು. "ಹೇಳ್ಲಿಲ್ವಾ ನಾನು? ಇವಳ ಕೈಗೆ ಕಂಪ್ಯೂಟರ್ ಕೊಟ್ಟಿದ್ದೇ ತಪ್ಪು ಮಾರಾಯ."

ಅಕ್ಕ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದಳು.

ಆ ಪವರ್ ಸಪ್ಲೈಯನ್ನು ಮತ್ತೆ ಅಂಗಡಿಗೆ ತಂದು, ಈ ಸಲ ಲೋಡ್ ಕೊಟ್ಟು ನೋಡಿದೆ. ನೆಟ್ಟಗಿರಬೇಕಾದ ಗೆರೆ ಗರಗಸದ ಹಲ್ಲಿನಂತೆ ಕುಣಿಯುತ್ತಿತ್ತು. ಮಾಲೀಕರು ಹಿಂದಿನಿಂದ ಬಗ್ಗಿ ನೋಡಿ, "ಯಾವ ಪುಣ್ಯಾತ್ಮ ರಿಪೇರಿ ಮಾಡಿದ್ದೋ ಇದನ್ನ? ಇಷ್ಟು ನಡುಕ ಇದ್ರೆ ಡಿಸ್ಕ್ ಉಳಿಯುತ್ತಾ?" ಎಂದರು.

"ಗೊತ್ತಿಲ್ಲ ಸಾರ್, ಹೊರಗಿನದು" ಎಂದೆ.

ಅಕ್ಕ ಮೆಷಿನ್ ಮಾರಿದಳು. ಸೀರೆಗೆ ಫಾಲ್ಸ್ ಹೊಲಿಯಲು ಕೂತಳು. ನಾನು ಭದ್ರಾವತಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮರುವರ್ಷ ಒಂದು ಭಾನುವಾರ ಹೋಗಿದ್ದೆ. ಅಕ್ಕನ ಮಗಳು ಹೊಸ ಮೊಬೈಲಿನಲ್ಲಿ ಏನೋ ಬಿಡಿಸಿ ತೋರಿಸುತ್ತಾ, "ಅಮ್ಮ, ನೀನೊಂದು ನವಿಲು ಬಿಡ್ಸು" ಎಂದಳು. ಅಕ್ಕ ಎರಡೂ ಕೈ ಹಿಂದಕ್ಕೆಳೆದುಕೊಂಡಳು. "ಬೇಡ ಕಣೇ. ನಾನು ಮುಟ್ಟಿದ್ರೆ ಹಾಳಾಗುತ್ತೆ."

ತಮಾಷೆಗೆ ಹೇಳಿದ್ದಲ್ಲ, ನಂಬಿಯೇ ಹೇಳಿದಳು. ಕುಡಿಯುತ್ತಿದ್ದ ಕಾಫಿಯ ಲೋಟ ಕೆಳಗಿಟ್ಟೆ. ಭಾವ ಒಳಗೆ ಪೇಪರ್ ಓದುತ್ತಿದ್ದರು. ಅವರ ಎದುರೇ ಹೇಳಬೇಕಿತ್ತು, ಕರೆದೆ. ಬಂದು ನಿಂತರು. ನಾನು ಹೇಳಿದೆ:

"ಅಕ್ಕಾ, ನೀನು ಏನೂ ಹಾಳು ಮಾಡಿರ್ಲಿಲ್ಲ. ನಾನು ಟೆಸ್ಟ್ ಮಾಡ್ದೆ ಕೊಟ್ಟೆ, ನಿನ್ ಮೇಲೆ ಹಾಕ್ದೆ. ಆಮೇಲೆ ಗೊತ್ತಾದ್ರೂ ಸುಮ್ನಿದ್ದೆ. ತಪ್ಪಾಯ್ತು ಕಣಕ್ಕಾ."