ಅಮ್ಮ ಕುದುರಿಸಿದ ಸಂಬಂಧ

ನಾನು ಬಸುರಿಯಾಗಿದ್ದಾಗ ಒಂದು ಗ್ರಹಣದ ದಿನ, ಅಮ್ಮ ಫೋನಿನಲ್ಲಿ ಬೇಡವೆಂದರೂ ಕೇಳದೆ ಬೆಂಡೆಕಾಯಿ ಹೆಚ್ಚಿದ್ದೆ. ಮಗಳು ಹುಟ್ಟಿದಳು. ತಿಂಗಳುಗಳು ಕಳೆದರೂ ಕುತ್ತಿಗೆ ನಿಲ್ಲಲಿಲ್ಲ, ಫಿಟ್ಸ್ ಶುರುವಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು ಮೆದುಳಿನ ಮೇಲೆ ಇರಬೇಕಾದ ಮಡಿಕೆಗಳೇ ಇಲ್ಲ ಎಂದರು. ಯಾಕೆ ಹೀಗಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು: ಬೆಂಡೆಕಾಯಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡ ಎಂದು ನಾನೂ ಸುಮ್ಮನಿರದೆ ಜಗಳಾಡುತ್ತಿದ್ದೆ. ಆದರೆ ಉಡುಪಿಯ ಮನೆಗೆ ಬೀಗ ಹಾಕಿ ನಮ್ಮ ಬೊರಿವಲಿಯ ಫ್ಲ್ಯಾಟಿಗೆ ಬಂದು ನಿಂತವಳೂ ಅವಳೇ. ಗಂಜಿಯನ್ನು ನುಣ್ಣಗೆ ಅರೆದು ಚಮಚೆ ಚಮಚೆಯಾಗಿ ಉಣಿಸುತ್ತಾ, ಬಿಲ್ಡಿಂಗಿನ ಸುದ್ದಿಯನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದಳು. ಮಗಳು ನಗುತ್ತಿದ್ದುದು ಹೆಚ್ಚಾಗಿ ಅವಳ ದನಿ ಕೇಳಿಯೇ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಮಗಳಿಗೆ ಆರು ತುಂಬಿದ ಮೇಲೆ ಹೊಸ ಡಾಕ್ಟರೊಬ್ಬರು ನಮ್ಮ ಮೂವರ ರಕ್ತವನ್ನೂ ಜೀನ್ ಸೀಕ್ವೆನ್ಸಿಂಗಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದರು. ಗರ್ಭದಲ್ಲಿ ಮೆದುಳು ಬೆಳೆಯುವಾಗ ನರಕೋಶಗಳು ಒಳಗಿನಿಂದ ಹೊರಕ್ಕೆ ಸಾಗಿ ತಂತಮ್ಮ ಜಾಗ ಹಿಡಿಯಬೇಕಂತೆ. ಅದಕ್ಕೆ ಬೇಕಾದ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಜೀನಿನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ನನ್ನಲ್ಲೂ ಗಂಡನಲ್ಲೂ ಹಾಗೇ ನಡೆದಿತ್ತು. ಮಗಳಿಗೆ ಮಾತ್ರ ನಮ್ಮಿಬ್ಬರಿಂದಲೂ ಕೆಟ್ಟದ್ದೇ ಬಂದಿತ್ತು.

ನಿಮ್ಮಿಬ್ಬರದು ಸಂಬಂಧದೊಳಗಿನ ಮದುವೆಯೇ ಎಂದು ಡಾಕ್ಟರ್ ಕೇಳಿದರು. ಹೌದು, ನನ್ನ ಗಂಡ ನನ್ನ ಸೋದರಮಾವನ ಮಗ. ಹೊರಗಿನವರಿಗೆ ಕೊಟ್ಟು ಹೆದರಿಕೊಂಡು ಕೂರುವುದಕ್ಕಿಂತ ಅಣ್ಣನ ಮನೆಯೇ ವಾಸಿ ಎಂದು ಅಮ್ಮನೇ ಕುದುರಿಸಿದ್ದ ಸಂಬಂಧ ಅದು. ಹಾಗಾದರೆ ಅಜ್ಜ ಅಥವಾ ಅಜ್ಜಿಯಿಂದ ನಿಮ್ಮ ತಾಯಿಗೂ ಅವರ ಅಣ್ಣನಿಗೂ, ಅವರಿಂದ ನಿಮ್ಮಿಬ್ಬರಿಗೂ ಅದೇ ಅಕ್ಷರ ಬಂದಿದೆ ಎಂದರು ಡಾಕ್ಟರ್.

ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಗಂಡ, ಅಮ್ಮನಿಗೆ ಇದನ್ನು ಹೇಳುವುದು ಬೇಡ ಎಂದು ಹೇಳಿ ತನ್ನ ಹೋಟೆಲಿನ ಕಡೆ ತಿರುಗಿದ. ಹೇಳದೆ ಇರುವುದು ಹೇಗೆ? ಜೋಗೇಶ್ವರಿಯಲ್ಲಿರುವ ನನ್ನ ತಮ್ಮನಿಗೆ ಅದೇ ಮಾವನ ಕಿರಿಮಗಳನ್ನು ತರುವುದೆಂದು ಅಮ್ಮ ಮಾತಾಡಿ ಮುಗಿಸಿದ್ದಳು. ಬರುವ ತಿಂಗಳು ನಿಶ್ಚಿತಾರ್ಥ. ಅವರಿಬ್ಬರಲ್ಲೂ ಅದೇ ಅಕ್ಷರ ಇದ್ದರೆ? ಲೋಕಲ್ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಹೊರಗೆ ಏನೂ ಕಾಣಲಿಲ್ಲ. ಬೆಂಡೆಕಾಯಿಯ ವ್ಯಾಜ್ಯವನ್ನು ನಾನು ಗೆದ್ದಿದ್ದೆ. ಅಂಥ ದರಿದ್ರ ಗೆಲುವು ಯಾರಿಗೂ ಬೇಡ.

ಮನೆಗೆ ಬಂದಾಗ ಅಮ್ಮ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಉಣಿಸುತ್ತಿದ್ದಳು. ಎದುರು ಕುಳಿತು ಎಲ್ಲವನ್ನೂ ಹೇಳಿದೆ, ತಮ್ಮನ ಮದುವೆಯ ಮಾತನ್ನೂ. ಅವಳ ಕೈಯ ಚಮಚೆ ಬಟ್ಟಲಿನಲ್ಲೇ ನಿಂತಿತು.

"ಹಾಗಾದ್ರೆ ಅದು ನನ್ನಲ್ಲೂ ಉಂಟಾ?"

"ಉಂಟಮ್ಮ. ಮಾವನಲ್ಲೂ ಉಂಟು. ಯಾರೂ ಗೊತ್ತಿದ್ದು ಕೊಟ್ಟದ್ದಲ್ಲ."

ಅವಳು ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಆಮೇಲೆ ಫೋನ್ ಮಾಡಿಕೊಡು ಎಂದಳು. ಇಬ್ಬರ ರಕ್ತಪರೀಕ್ಷೆ ಆಗದೆ ನಿಶ್ಚಿತಾರ್ಥ ಬೇಡ ಎಂದು ಅಣ್ಣನಿಗೆ ಹೇಳಿದಳು. ಮಾವ ಗಾಬರಿಯಾಗಿ, ಊರಲ್ಲಿ ಕೇಳಿದವರಿಗೆ ಏನೆನ್ನಲಿ ಎಂದದ್ದು ನನಗೂ ಕೇಳಿಸಿತು.

"ನನ್ನಿಂದ ಬಂದದ್ದು ಅಂತ ಹೇಳಣ್ಣ," ಎಂದಳು ಅಮ್ಮ. "ನನ್ನ ಮಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬರ್ಬಾರ್ದು."

ಆರು ವರ್ಷ ಅವಳೊಂದಿಗೆ ಜಗಳಾಡಿದವಳು ನಾನು. ಅವಳ ತೊಡೆಯ ಮೇಲೆ, ಮಗಳ ಕಾಲಿನ ಪಕ್ಕ ಉಳಿದಿದ್ದ ಜಾಗದಲ್ಲಿ ತಲೆಯಿಟ್ಟು ಅತ್ತುಬಿಟ್ಟೆ.