ಡಾಕ್ಟರ ಕಿವಿ

ಟಕಟಕ, ಟಕಟಕ, ನಡುವೆ ಎಲ್ಲೋ ಒಂದು ಕಿರ್.

ಹೊಲಿಗೆ ಮೆಷಿನ್ ರಿಪೇರಿಯವರು ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದರು. ಬೀದಿಯವರೆಲ್ಲ ಅವರನ್ನು ಕರೆಯುವುದು ಡಾಕ್ಟರು ಅಂತಲೇ. ರೋಗಿ ಕಬ್ಬಿಣದ್ದಾದರೂ ಪರೀಕ್ಷೆಯ ಠೀವಿಗೇನೂ ಕಡಿಮೆಯಿರಲಿಲ್ಲ.

"ಡಾಕ್ಟ್ರೇ, ನಾನು ಬಂದಿದ್ದು ಏನಕ್ಕೆ ಅಂದ್ರೆ..." ಮೆಷಿನ್ ತಂದಿದ್ದ ಟೈಲರಮ್ಮ ಬಾಯಿ ತೆರೆದರು.

"ಸ್ವಲ್ಪ ಸುಮ್ನಿರಮ್ಮ. ಮೊದ್ಲು ಅದು ಮಾತಾಡ್ಲಿ. ಹಾಂ, ಗೊತ್ತಾಯ್ತು ಬಿಡಿ."

ಸವೆದ ಭಾಗ ಬದಲಿಸಿ, ಎಣ್ಣೆ ಬಿಟ್ಟು, ಸಂಜೆಗೆಲ್ಲ ಮೆಷಿನ್ ಬೆಣ್ಣೆಯ ಹಾಗೆ ಓಡುವಂತೆ ಮಾಡಿಕೊಟ್ಟರು. ಟೈಲರಮ್ಮ ಏನೋ ಹೇಳಹೊರಟು, ನಿಟ್ಟುಸಿರಿಟ್ಟು, ಹೋದರು.

ಅರ್ಧ ಮಾತಿಗೇ ಪೂರ್ತಿ ರೋಗ ಕಂಡುಹಿಡಿದುಬಿಡುವುದು ಮನೆಯಲ್ಲೂ ಡಾಕ್ಟರಿಗೆ ಅಭ್ಯಾಸ. ಮಗಳು ನರ್ಸಿಂಗ್ ಕಲಿಯುತ್ತಿದ್ದಳು. ಇತ್ತೀಚೆಗೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿರುತ್ತಿದ್ದಳು.

"ಅಪ್ಪಾ, ನನಗೆ ಅಲ್ಲಿಗೆ ಹೋಗೋಕೆ..." ಎಂದಿದ್ದಳೊಮ್ಮೆ.

"ಗೊತ್ತಾಯ್ತು ಬಿಡು ಪುಟ್ಟಿ. ರಕ್ತ ಕಂಡ್ರೆ ಭಯ. ಅಭ್ಯಾಸ ಆಗುತ್ತೆ."

ಇನ್ನೊಮ್ಮೆ ಬಾಯಿ ತೆರೆದಾಗಲೂ ಔಷಧಿ ಅದೇ. ಆಮೇಲೆ ಅವಳು ಅಪ್ಪನೆದುರು ಬಿಸಿಲು, ಬಸ್ಸು ಇಷ್ಟನ್ನೇ ಮಾತಾಡಿದಳು. ಈಗ ಒಂದು ವಾರದಿಂದ ಕಾಲೇಜಿಗೂ ಹೋಗಿರಲಿಲ್ಲ. ಹೀಗೇ ಆದರೆ ಹೆಸರು ತೆಗೆದುಹಾಕುತ್ತೇವೆಂದು ಕಾಲೇಜಿನಿಂದ ಫೋನು ಬಂದಿತ್ತು.

"ಏನಂತೆ ಅವಳಿಗೆ?" ಎಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದರು.

"'ಅಪ್ಪಂಗೆ ಎಲ್ಲಾ ಗೊತ್ತಲ್ಲಮ್ಮ, ಅವರನ್ನೇ ಕೇಳು' ಅಂತಾಳೆ. ಹೇಳಿ, ಏನಂತೆ?"

ಡಾಕ್ಟರು ಎತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು.

ಮರುದಿನ ಟೈಲರಮ್ಮ ಕುಂಟುತ್ತ ಬಂದರು. ಹಿಂದೆ ಆಟೋದವನ ತೋಳಲ್ಲಿ ಅದೇ ಮೆಷಿನ್.

"ಮತ್ತೆ ಸದ್ದು ಬಂತಾ?"

"ಸದ್ದು ಹಾಳಾಗಿ ಹೋಗ್ಲಿ! ಅದರ ಜೊತೆ ಹಾಡ್ಕೊಂಡೇ ಅರ್ಧ ಆಯಸ್ಸು ಹೊಲಿದೀನಿ. ಮಂಡಿ ಹೋಗಿದೆ ಕಣ್ರೀ, ಪೆಡಲ್ ತುಳಿಯೋಕಾಗಲ್ಲ. ಕೈಯಲ್ಲಿ ತಿರುಗಿಸೋ ಹಿಡಿ ಹಾಕಿಸ್ಕೊಳ್ಳೋಣ ಅಂತ ಬಂದಿದ್ದೆ. ಮೆಷಿನ್ನಿಗೆ ಕೊಟ್ಟ ಮರ್ಯಾದೆ ನಂಗೂ ಕೊಟ್ಟಿದ್ರೆ ಹೇಳ್ತಿದ್ದೆ."

ಡಾಕ್ಟರು ನಗಲು ಹೋದರು, ನಗು ಬರಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಸ್ಟೂಲನ್ನು ಮುಂದಕ್ಕೆಳೆದರು. "ಕೂತ್ಕೊಳಮ್ಮ. ಮೊದ್ಲಿಂದ ಹೇಳಿ."

ಹೇಳುವುದು ಬೇಕಾದಷ್ಟಿತ್ತು. ಮಂಡಿ, ಮನೆಯ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಮಾನಿಡುವ ಸೊಸೆ. 'ಗೊತ್ತಾಯ್ತು' ಎಂಬುದು ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗಿಕೊಂಡರು. ಬಿಸಿ ತುತ್ತು ನುಂಗಿದಂತಿತ್ತು.

ಸಂಜೆ ಮಗಳ ಕೋಣೆಯ ಬಾಗಿಲಲ್ಲಿ ನಿಂತರು. "ಪುಟ್ಟಿ, ನಾನೇ ಏನೋ ಅಂದ್ಕೊಂಡು ಏನೋ ಹೇಳಿಬಿಟ್ಟೆ. ನಿಂಗೆ ಹೇಳ್ಬೇಕು ಅನ್ಸಿದಾಗ ಹೇಳಮ್ಮ." ಅವಳು ತಲೆಯೆತ್ತಲಿಲ್ಲ. ಅವರು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟರು.

ಮಾರನೆಯ ಮಧ್ಯಾಹ್ನ ಅಂಗಡಿಯಲ್ಲಿ ಗೆಳೆಯ ರೇಡಿಯೋ ಕೂತಿದ್ದ. ಮೆಷಿನ್ ಬಿಡಿಭಾಗ ಮಾರುವವನು. ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿಯಿಲ್ಲ ಎಂದು ಆ ಹೆಸರು. ಹಿಡಿ ಜೋಡಿಸುತ್ತಿದ್ದ ಡಾಕ್ಟರು ಹೂಂಗುಟ್ಟುತ್ತಿದ್ದರು. ಬಾಗಿಲಿಗೆ ನೆರಳು ಬಂತು. ಮಗಳು, ಹೆಗಲಲ್ಲಿ ಕಾಲೇಜಿನ ಚೀಲ.

"ಅಪ್ಪಾ, ರಕ್ತಕ್ಕಲ್ಲ ಭಯ."

ಅವರು ಜೋಡಿಸುತ್ತಿದ್ದ ಹಿಡಿಯನ್ನು ಕೆಳಗಿಟ್ಟರು.

"ಟ್ರೇನಿಂಗಿಗೆ ನನ್ನ ಹಾಕಿರೋದು ಅಜ್ಜಿ ತೀರ್ಕೊಂಡ ವಾರ್ಡಿಗೆ. ಅದೇ ಮಂಚ ಅಪ್ಪಾ. ಈಗ ಬೇರೆ ಯಾರೋ ಅಜ್ಜಿ ಮಲಗಿದಾರೆ. ಅವರೂ ನಮ್ಮಜ್ಜಿ ಥರಾನೇ ನನ್ನ ಪುಟ್ಟಿ ಅಂತ..." ಅವಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅದು ಡಾಕ್ಟರ ತಾಯಿ ಕೊನೆಯ ದಿನಗಳಲ್ಲಿ ಮಲಗಿದ್ದ ಮಂಚ.

"ಅಯ್ಯೋ, ಅಷ್ಟೇನಾ! ಇದಕ್ಕೊಂದು ಉಪಾಯ ಹೇಳ್ತೀನಿ ಕೇಳು ಮಗಳೇ, ನಮ್ಮ ಭಾವಮೈದ ಇದಾನಲ್ಲ..." ರೇಡಿಯೋ ಶುರುಮಾಡಿದ.

ಡಾಕ್ಟರು ಎದ್ದರು. ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ಮಗಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

"ಲೋ, ಮಾತು ಇನ್ನೂ ಮುಗಿದಿಲ್ಲ ಕಣೋ!"

ಅಷ್ಟರಲ್ಲಿ ಅಪ್ಪ ಮಗಳು ಬೀದಿಗಿಳಿದಾಗಿತ್ತು. ಅವಳು ಹೇಳುತ್ತಿದ್ದಳು. ಅವರ ತಲೆ ಅವಳತ್ತ ಬಾಗಿತ್ತು, ಮರದ ಹಿಡಿಗೆ ಕಿವಿಗೊಟ್ಟಾಗ ಬಾಗುವ ಹಾಗೆಯೇ.