ಮರಿಯವ್ವ ಉಡಿಯಲ್ಲಿ ತಂದದ್ದು

ಬಸ್ಸಿನಲ್ಲಿ ಕಸ ಹಾಕಬೇಡಿ ಎಂದು ಡ್ರೈವರನ ಬೆನ್ನ ಹಿಂದೆ ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ನಮ್ಮ ಜನ ಅದನ್ನು ಶ್ರದ್ಧೆಯಿಂದ ಓದುತ್ತಾರೆ. ಓದುತ್ತಲೇ ಶೇಂಗಾ ಸುಲಿದು ಸಿಪ್ಪೆಯನ್ನು ಕಾಲಬುಡಕ್ಕೆ ಉದುರಿಸುತ್ತಾರೆ. ಮುಂಡರಗಿಯಿಂದ ಗದಗಿಗೆ ಬರುವಷ್ಟರಲ್ಲಿ ಆ ಬಸ್ಸಿನ ನೆಲ ನೋಡಬೇಕು, ಎತ್ತು ಹೂಡಿ ಕಣ ತುಳಿಸುವುದೊಂದೇ ಬಾಕಿ. ಇದಕ್ಕೆ ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಡಿಪೋದಲ್ಲಿ ಬಸ್ಸು ಗುಡಿಸುವ ಮರಿಯವ್ವನಿಗೆ. ಅವಳೋ ಬೈಯುವುದನ್ನು ಬಿಟ್ಟು ಎಷ್ಟೋ ತಿಂಗಳಾಯಿತು. ಜನ ಒಮ್ಮೆಗೇ ಸುಧಾರಿಸಿಬಿಟ್ಟರೆ ಅವಳ ಗತಿ ಏನು?

ಅವಳದು ಮಧ್ಯಾಹ್ನದ ಪಾಳಿ. ಬೆಟಗೇರಿಯ ಬಾಡಿಗೆ ಖೋಲಿಯಿಂದ ಡಿಪೋಗೆ ನಡೆದು ಬಂದು ತಗಡಿನ ಶೆಡ್ಡಿನ ಕೆಳಗೆ ನಿಂತ ಬಸ್ಸು ಹತ್ತಿದಳೆಂದರೆ ಮುಗಿಯಿತು. ಸೀಟಿನ ಕೆಳಗೆ ಬಗ್ಗುವುದು, ಕಸಬರಿಗೆ ಆಡಿಸುವುದು, ಇಳಿಯುವುದು, ಮತ್ತೊಂದು ಬಸ್ಸು ಹತ್ತುವುದು. ನೆಟ್ಟಗೆ ನಿಲ್ಲಲೂ ಆಗದ, ಕೂತುಕೊಳ್ಳಲೂ ಆಗದ ಕೆಲಸ ಅದು. ಐವತ್ತು ದಾಟಿದ ಸೊಂಟ ಸಂಜೆಯ ಹೊತ್ತಿಗೆ ತನ್ನದೇ ಅಲ್ಲವೇನೋ ಅನ್ನಿಸುತ್ತಿತ್ತು. ಹುಟ್ಟಿದಾಗಿನಿಂದ ಹೊಲದಲ್ಲಿ ಬದುಕಿದವಳಿಗೆ ಈಗ ತಲೆಯ ಮೇಲೆ ತಗಡು, ಕಾಲ ಕೆಳಗೆ ಆಯಿಲ್ ಮೆತ್ತಿದ ಸಿಮೆಂಟು. ಹೊರಗೆ ಯಾವ ಕಾಲ ನಡೆದಿದೆ ಎಂಬುದು ಅವಳಿಗೆ ತಿಳಿಯುತ್ತಿದ್ದದ್ದು ಬಸ್ಸಿನ ಕಸದಿಂದಲೇ.

ಶ್ರಾವಣದಲ್ಲಿ ಬಿಲ್ವಪತ್ರೆಯ ಎಲೆಗಳು ಸಿಗುತ್ತಿದ್ದವು. ಆಮೇಲೆ ಹೆಸರುಕಾಯಿಯ ಹೊಟ್ಟು. ಚಳಿ ಬಿದ್ದಿತೆಂದರೆ ಹತ್ತಿಯ ಎಳೆ ಸೀಟಿನ ಕಬ್ಬಿಣಕ್ಕೆಲ್ಲ ಸುತ್ತಿಕೊಂಡು ಬರುತ್ತಿತ್ತು. ಮೆಣಸಿನಕಾಯಿ ಚೀಲ ಏರಿಸಿಕೊಂಡು ಬಂದ ಬಸ್ಸಾದರೆ ಅರ್ಧ ಗುಡಿಸುವಷ್ಟರಲ್ಲಿ ಸೀನಿ ಸೀನಿ ಕಣ್ಣು ಕೆಂಪಾಗುತ್ತಿತ್ತು. ಶಿರಹಟ್ಟಿ ಕಡೆಯ ಬಸ್ಸಿನ ಮೆಟ್ಟಿಲಲ್ಲಿ ಕೆಂಪು ಮಸಾರಿ ಮಣ್ಣು, ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕರಿ ಎರಿ ಮಣ್ಣು. ಎರಿ ಮಣ್ಣು ಕಂಡಾಗ ಮಾತ್ರ ಮರಿಯವ್ವನ ಕಸಬರಿಗೆ ಒಂದು ಕ್ಷಣ ನಿಲ್ಲುತ್ತಿತ್ತು. ಆ ಬಸ್ಸು ಯಳವತ್ತಿಯ ಮೇಲೆ ಹಾದು ಬರುತ್ತಿತ್ತು, ಯಳವತ್ತಿ ಅವಳ ಗಂಡನ ಊರು.

ಗಂಡ ಫಕ್ಕೀರಪ್ಪ ಅಲ್ಲಿ ಚನ್ನಬಸವಣ್ಣ ಎಂಬವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಹೊಲ ಅವರದು, ಆದರೆ ಬಾಯಲ್ಲಿ ಮಾತ್ರ ಸದಾ 'ನಮ್ಮ ಹೊಲ'. ಎತ್ತುಗಳನ್ನು ಗದರಿಸಿದರೆ ಊರ ಅಗಸಿಯವರೆಗೆ ಕೇಳುವಂಥ ಗಂಟಲು. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ ಒಂದು ಹಿಡಿ ಹಸಿ ಮಣ್ಣು ತಂದು, ಮಣ್ಣೆತ್ತಿನ ಅಮಾವಾಸ್ಯೆಗೆ ತಾನೇ ಜೋಡೆತ್ತು ಮಾಡುತ್ತಿದ್ದ. ಸಂತೆಯಲ್ಲಿ ಬಣ್ಣ ಬಳಿದ ಎತ್ತು ಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹೋದ ವರ್ಷ ಆ ಅಮಾವಾಸ್ಯೆ ಮುಗಿದ ವಾರದಲ್ಲೇ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಒಂದು ಕಡೆ ಸೊಟ್ಟಗಾಯಿತು. ದವಾಖಾನೆಗೆ ಹತ್ತಿರವಾಗಲಿ ಎಂದು ಬೆಟಗೇರಿಗೆ ಬಂದು ಖೋಲಿ ಹಿಡಿದದ್ದು ಆಗ.

"ಬಾಯಿ ಹೋಗಿಲ್ಲಬೇ ಯವ್ವಾ," ಎಂದಿದ್ದರು ಡಾಕ್ಟರು. "ಆಡಿದ್ರ ಮಾತು ಬರತಾವು. ಕೈನೂ ಹಂಗ, ಸುಮ್ನ ಬಿಟ್ರ ಕೊರಡಾಗತೈತಿ. ಆಡಸ್ರಿ, ದಿನಾ ಆಡಸ್ರಿ."

ಮೊದಮೊದಲು ಅವನೂ ಪ್ರಯತ್ನ ಮಾಡಿದ. ಒಮ್ಮೆ ಚನ್ನಬಸವಣ್ಣನವರು ನೋಡಲು ಬಂದಾಗ ಎತ್ತುಗಳ ಸುದ್ದಿ ಕೇಳಲು ಹೋದ. ಮಾತು ತೊದಲಿ ಜೊಲ್ಲಿನೊಂದಿಗೆ ಹೊರಬಂತು. ಚನ್ನಬಸವಣ್ಣನವರು ಕೂಸಿಗೆ ತಲೆಯಾಡಿಸಿದ ಹಾಗೆ ತಲೆಯಾಡಿಸಿ, "ಹೂಂನಪ್ಪಾ, ಹೂಂ, ಆರಾಮ ಆಗತೈತಿ" ಎಂದು ಬೆನ್ನು ತಟ್ಟಿ ಹೋದರು. ಒಳ್ಳೆಯ ಮನಸ್ಸಿನಿಂದಲೇ ತಟ್ಟಿದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಫಕ್ಕೀರಪ್ಪ ಅಂದು ಮುಚ್ಚಿದ ಬಾಯನ್ನು ಮತ್ತೆ ತೆರೆಯಲಿಲ್ಲ. ಹಿಚುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಿಂದ ಗೋಡೆಗೆ ಎಸೆದ. ಹಮ್ಮಿಗಿಗೆ ಕೊಟ್ಟ ಮಗಳು ವಿದ್ಯಾಶ್ರೀ ಫೋನಿನಲ್ಲಿ "ಅಪ್ಪಾ, ಅಪ್ಪಾ" ಎಂದು ಅತ್ತರೂ ಹೂಂ ಎನ್ನಲಿಲ್ಲ.

ಸಂಜೆಯವರೆಗೆ ಬಸ್ಸು ಗುಡಿಸಿ ಬಂದು, ಮಾತಾಡದ ಮನುಷ್ಯನ ಮುಂದೆ ರೊಟ್ಟಿ ಬಡಿಯುವುದು ಎಂಥ ಕಷ್ಟ ಎಂದು ಮಾಡಿದವರಿಗೇ ಗೊತ್ತು. ಮರಿಯವ್ವ ಎಷ್ಟೋ ಸಲ ಸಾಕಪ್ಪಾ ಸಾಕು ಎಂದುಕೊಂಡಿದ್ದಾಳೆ. ಇವನು ಹೋದರೂ ಸರಿ, ನಾನು ಹೋದರೂ ಸರಿ ಎಂದೂ ಅನ್ನಿಸಿದೆ. ಅನ್ನಿಸಿದ ಮೇಲೆ ಎದ್ದು ಅವನ ಮೈ ಒರೆಸಿದ್ದಾಳೆ.

ಪುಷ್ಯ ಮಾಸದ ಒಂದು ಸಂಜೆ ಅವಳು ಸೆರಗು ಝಾಡಿಸುವಾಗ ಒಂದು ಕಡಲೆ ಗಿಡದ ತುಂಡು ಕೆಳಗೆ ಬಿತ್ತು. ಯಾರೋ ಬಸ್ಸಿನಲ್ಲಿ ಹಸಿ ಕಡಲೆ ತಿಂದು ಬಿಸಾಕಿದ್ದ ಗಿಡ, ಅವಳ ಸೀರೆಗೆ ಸಿಕ್ಕಿಕೊಂಡು ಬಂದಿತ್ತು. ಎರಡು ಕಾಯಿ ಇನ್ನೂ ಹಸಿರಾಗಿದ್ದವು. ಏನೂ ಯೋಚಿಸದೆ ಅದನ್ನು ಅವನ ಬಲಗೈಯಲ್ಲಿಟ್ಟು ಒಲೆಯ ಕಡೆಗೆ ತಿರುಗಿದಳು. ಕಡಲೆ ಗಿಡದ ಹುಳಿ ಗೊತ್ತಲ್ಲ, ಮುಟ್ಟಿದ ಕೈಗೆ ಅಂಟಿಕೊಳ್ಳುತ್ತದೆ. ಅವಳು ತಿರುಗಿ ನೋಡಿದಾಗ ಫಕ್ಕೀರಪ್ಪನ ಬಲಗೈ ನಡುಗುತ್ತ ನಡುಗುತ್ತ ಮೇಲೇಳುತ್ತಿತ್ತು. ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟು ಬೆರಳನ್ನು ಬಾಯಿಗೆ ತಂದು ಅವನು ಆ ಹುಳಿ ನೆಕ್ಕಿದ. ಮರಿಯವ್ವ ಬಡಿಯುತ್ತಿದ್ದ ರೊಟ್ಟಿ ಹರಿದೇ ಹೋಯಿತು.

ಅಂದಿನಿಂದ ಅವಳು ದಿನವೂ ಬಸ್ಸಿನ ಕಸದಿಂದ ಒಂದನ್ನು ಉಡಿಗೆ ಕಟ್ಟಿಕೊಂಡು ಬರತೊಡಗಿದಳು. ಡಿಪೋದ ಹೆಂಗಸರು ನಕ್ಕರು. "ಮಂದಿ ಉಡಿಗೆ ಅಕ್ಕಿ ತುಂಬಸ್ಕೋತಾರ, ನೀ ಕಸಾ ತುಂಬಸ್ಕೋ," ಎಂದರು. ನಗಲಿ ಬಿಡು ಎಂದುಕೊಂಡಳು. ಒಮ್ಮೆ ಜೋಳದ ತೆನೆಯ ಒಂದು ಎಸಳು, ಒಮ್ಮೆ ಬಾರಿಹಣ್ಣು, ಒಮ್ಮೆ ಮುಳ್ಳು ಚುಚ್ಚುವ ಕುಸುಬಿ ಹೂವು. ಯುಗಾದಿ ಹತ್ತಿರ ಬಂದಾಗ ಕಿಟಕಿಯಿಂದ ಒಳಗೆ ಉದುರಿದ ಬೇವಿನ ಹೂವನ್ನು ಸೀಟಿನ ಮೇಲಿಂದ ಒಂದೊಂದಾಗಿ ಆರಿಸಿದಳು. ಆರಿಸುತ್ತ ಆರಿಸುತ್ತ ಅವಳಿಗೇ ಒಂದು ಸುಖ ಹತ್ತಿತು. ಬಗ್ಗಿದ ಸೊಂಟದ ನೋವು ಹೋಗುತ್ತಿರಲಿಲ್ಲ, ಸುಳ್ಳು ಏಕೆ ಹೇಳಬೇಕು. ಆದರೆ ಮುಂದಿನ ಸೀಟಿನ ಕೆಳಗೆ ಇವತ್ತೇನಿದೆಯೋ ಎಂಬ ಒಂದು ಆಸೆ ಆ ನೋವಿನ ಜೊತೆಗೇ ಇರುತ್ತಿತ್ತು. ಕೆಲವು ದಿನ ಗುಟಕಾ ಚೀಟಿ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಬರಿಗೈಯಲ್ಲಿ ಬಂದ ದಿನ ಅವನು ಅಂಗೈ ಚಾಚಿ ಕಾಯ್ದು, ಮುಖ ತಿರುಗಿಸುತ್ತಿದ್ದ. ಬೆರಳು ಸ್ವಲ್ಪ ಸ್ವಲ್ಪ ಮಡಚತೊಡಗಿದವು. ಮಾತು ಮಾತ್ರ ಇಲ್ಲ.

ಬೇಸಿಗೆ ಮುಗಿಯಿತು. ಜೂನ್ ಬಂತು, ಬಿತ್ತನೆಯ ಮಿರಗ ನಕ್ಷತ್ರ ಬಂತು, ಮಳೆ ಬರಲಿಲ್ಲ. ಗಾಳಿ ಬೀಸಿ ಬಾಗಿಲು ಬಡಿದಾಗಲೆಲ್ಲ ಫಕ್ಕೀರಪ್ಪ ತಲೆ ಎತ್ತಿ ಹೊರಗೆ ನೋಡುವನು. ಅವಳು ಮನೆಗೆ ಬಂದ ಕೂಡಲೇ ಅವಳ ಮುಖ ನೋಡುವನು. ಅವನು ಕೇಳುತ್ತಿರುವುದು ಏನೆಂದು ಅವಳಿಗೆ ಗೊತ್ತು.

"ಇಲ್ರಿ. ಹನಿ ಬಿದ್ದಿಲ್ಲ," ಎನ್ನುವಳು.

ದಿನಾ ಅದನ್ನೇ ಹೇಳಿ ಹೇಳಿ ಅವಳ ನಾಲಿಗೆಯೂ ದಣಿಯಿತು. ಅವನು ಉಡಿಯಲ್ಲಿ ತಂದದ್ದನ್ನು ಹಿಡಿಯುವುದನ್ನೇ ಬಿಟ್ಟ. ಮಾವಿನ ಓಟೆ ಇಟ್ಟಳು, ಕೈಯಿಂದ ಜಾರಿ ಬಿತ್ತು. ನೇರಳೆಹಣ್ಣು ಇಟ್ಟಳು, ಹಾಸಿಗೆಗೆ ಕಲೆಯಾಯಿತು, ಅಷ್ಟೇ. ಅಮಾವಾಸ್ಯೆ ಹತ್ತಿರ ಬಂದಿತ್ತು. ಪಕ್ಕದ ಖೋಲಿಯ ಹನಮವ್ವ, ಹಗಲಲ್ಲಿ ಅವನಿಗೆ ನೀರು ಕೊಟ್ಟು ನೋಡಿಕೊಳ್ಳುವವಳು, ಪಾಪ, ಪ್ರೀತಿಯಿಂದಲೇ ಸಂತೆಯ ಬಣ್ಣದ ಎತ್ತು ತಂದು ಗೂಡಿನಲ್ಲಿಟ್ಟಳು. ಫಕ್ಕೀರಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ರಾತ್ರಿ ಮರಿಯವ್ವ ಅವನ ಬೆರಳು ಬಿಡಿಸಿ ನೋಡಿದರೆ ಮತ್ತೆ ಬಿಗಿದಿದ್ದವು. ಕೊರಡಾಗತೈತಿ ಎಂದ ಡಾಕ್ಟರ ಮಾತು ನೆನಪಾಯಿತು. ಇಷ್ಟು ತಿಂಗಳು ಕಸ ಹೆಕ್ಕಿದ್ದೆಲ್ಲ ನೀರುಪಾಲಾಯಿತಲ್ಲ ಎಂದು ಅತ್ತಳು.

ಅಮಾವಾಸ್ಯೆಯ ದಿನ ಲಕ್ಷ್ಮೇಶ್ವರದ ಬಸ್ಸು ಡಿಪೋಗೆ ಬಂತು. ಓಡಿಸುತ್ತಿದ್ದವನು ಬುಡ್ಡೇಸಾಬ, ಅವಳನ್ನು ಅಕ್ಕ ಎಂದು ಕರೆಯುವ ಡ್ರೈವರ್. ಅವನು ಇಳಿಯುವ ಮೊದಲೇ ಮರಿಯವ್ವ ಬಾಗಿಲ ಬಳಿ ನಿಂತಿದ್ದಳು.

"ತಮ್ಮಾ, ಯಳವತ್ತಿಯಾಗ ಮಳಿ ಆಗೇತೇನು?"

"ಎಲ್ಲಿ ಮಳಿ ಬೇ ಯಕ್ಕಾ. ಧೂಳಾ ಕುಡಕೋಂತ ಬಂದೀನಿ."

ಅವನು ಮುಖ ತೊಳೆಯಲು ಹೋದ. ಮರಿಯವ್ವ ಬಸ್ಸಿನ ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಗಾಲಿಯ ಮೇಲಿನ ತಗಡಿನ ಒಳಗೆ, ಮೇ ತಿಂಗಳ ಅಡ್ಡಮಳೆಯಲ್ಲಿ ಮೆತ್ತಿದ್ದ ಎರಿ ಮಣ್ಣು ಒಣಗಿ ಹೆಂಟೆಯಾಗಿ ಕೂತಿತ್ತು. ತನ್ನ ಬುತ್ತಿಯ ಚಮಚದ ಹಿಡಿಕೆಯಿಂದ ಅದನ್ನು ಕೆರೆದಳು. ಬಸ್ಸು ತೊಳೆಯುವ ಪೈಪಿನಿಂದ ನೀರು ಬಿಟ್ಟು ನಾದಿದಳು. ಗಂಡನಿಗೆ ಅವಳು ಸುಳ್ಳು ಹೇಳಿದ್ದುಂಟು, ಆದರೆ ಮಳೆಯ ವಿಷಯದಲ್ಲಿ ಹೇಳಿರಲಿಲ್ಲ.

"ಏನ ಮಾಡಾಕತ್ತಿ ಯಕ್ಕಾ?" ಬುಡ್ಡೇಸಾಬ ಹಿಂದೆ ಬಂದು ನಿಂತಿದ್ದ.

"ಯಳವತ್ತಿಯಾಗ ಮಳಿ ಆಗೇತಿ ಅಂತ ಹೇಳ್ತೀನಿ ಅವರಿಗೆ. ಎತ್ತು ಮಾಡ್ಲಿ. ಕೈ ಬಿಗದು ಹೋಗಾಕತ್ತಾವು ತಮ್ಮಾ, ನಾ ಏನ ಮಾಡ್ಲಿ?"

"ಯಾರರ ಕೇಳಿದ್ರ ನಾನೂ ಆಗೇತಿ ಅಂತೀನಿ, ಹೋಗು," ಎಂದು ಬುಡ್ಡೇಸಾಬ ಪೈಪು ಬಂದ್ ಮಾಡಿದ.

ಮನೆಗೆ ಬಂದವಳೇ ಗೂಡಿನಲ್ಲಿದ್ದ ಬಣ್ಣದ ಎತ್ತನ್ನು ಒಳಗೆ ಸರಿಸಿ, ಉಡಿ ಬಿಚ್ಚಿ, ಒದ್ದೆ ಮಣ್ಣನ್ನು ಅವನ ಬಲಗೈಯಲ್ಲಿಟ್ಟಳು.

"ಇಲ್ನೋಡ್ರಿ. ನಿನ್ನಿ ರಾತ್ರಿ ಯಳವತ್ತಿಯಾಗ ಛಲೋ ಮಳಿ ಆಗೇತಂತ. ನಮ್ಮ ಹೊಲದ ಮಣ್ಣು."

ಫಕ್ಕೀರಪ್ಪ ಗೋಡೆಯಿಂದ ಈ ಕಡೆ ಹೊರಳಿದ. ಅಂಗೈಯನ್ನು ನೋಡಿದ, ಅವಳನ್ನು ನೋಡಿದ. ಎಬ್ಬಿಸಿ ಕೂರಿಸು ಎಂದು ಎಡಗೈ ಚಾಚಿದ. ಅವಳು ಗೋಡೆಗೆ ಒರಗಿಸಿ ಕೂರಿಸಿ, ಅವನ ಮುಖ ನೋಡಲಾಗದೆ ಒಲೆಯ ಮುಂದೆ ಹೋಗಿ ಕೂತಳು. ಸುಳ್ಳುಬುರುಕಿಯ ಬೆನ್ನು ಸುಮ್ಮನೆ ಕೂರುತ್ತದೆಯೇ, ಗಳಿಗೆಗೊಮ್ಮೆ ತಿರುಗಿ ನೋಡಿದಳು. ಬಲಗೈ ಮಣ್ಣನ್ನು ಒತ್ತುತ್ತಿತ್ತು. ಎಡಗೈ ಹಿಡಿದುಕೊಳ್ಳುತ್ತಿತ್ತು, ಬಲಗೈ ಒತ್ತುತ್ತಿತ್ತು. ಹೆಬ್ಬೆರಳು ಮಡಚಿತು. ಒಂದು ಡುಬ್ಬ ಎದ್ದಿತು. ಎರಡು ಕಾಲು ಬಂದವು, ಮೂರನೆಯದು ಮುರಿಯಿತು, ಮತ್ತೆ ಹಚ್ಚಿದ. ಹಣೆಯಲ್ಲಿ ಬೆವರು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಮರಿಯವ್ವನಿಗೆ ಎಚ್ಚರವಿರಲಿಲ್ಲ.

ಎತ್ತು ನಿಂತಿತು. ಸೊಟ್ಟ ಎತ್ತು, ಒಂದು ಕೋಡು ಮೇಲೆ, ಒಂದು ಕೆಳಗೆ. ಪ್ರತಿ ವರ್ಷ ಮಾಡುವ ಹಾಗೆ ಫಕ್ಕೀರಪ್ಪ ಅದನ್ನು ಮೂಗಿನ ಹತ್ತಿರ ತಂದು ಮೊದಲ ಮಳೆಯ ವಾಸನೆ ಎಳೆದುಕೊಂಡ. ಅವನ ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಮೂಸಿದ.

ಅವನ ತುಟಿ ಅಲುಗಿತು. ನಾಲಿಗೆ ಒಳಗೆ ಏನನ್ನೋ ಹುಡುಕಿತು. "ಡೀ..." ಎಂದು ನಿಂತ. ಉಸಿರು ತೆಗೆದುಕೊಂಡ. "ಡೀ... ಸಲ್."

ಅವಳು ಎದ್ದು ನಿಂತಳು.

"ನಮ್... ಹೊಲಾ," ಎಂದ ಫಕ್ಕೀರಪ್ಪ, ಒಂದೊಂದು ಮಾತನ್ನೂ ನೆಲದಿಂದ ಕಿತ್ತು ತೆಗೆಯುವವನಂತೆ, "ಡೀಸಲ್... ನಾರ... ತೈತೇನ... ಲೇ?"

ಮರಿಯವ್ವ ಅವನ ಪಕ್ಕಕ್ಕೆ ಬಂದು ಕೂತಳು. ಸಿಕ್ಕಿಬಿದ್ದ ನಾಚಿಕೆಗೆ ನಗು ಬಂತು, ನಗುವಿನ ನಡುವೆ ಅಳು ಬಂತು, ಎರಡನ್ನೂ ತಡೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಬೈರಿ," ಎಂದಳು. "ಇನ್ನಷ್ಟು ಬೈರಿ. ನನಗ ಸಾಕಾಗೇತ್ರಿ, ಒಬ್ಬಾಕಿನ ಮಾತಾಡಿ ಮಾತಾಡಿ ಸಾಕಾಗೇತಿ." ಅವನು ಬೈಯಲಿಲ್ಲ. ಸೊಟ್ಟ ಬಾಯಿಯ ಒಂದು ಬದಿಯಿಂದ ನಗುತ್ತ, ಮಣ್ಣಾದ ಬಲಗೈಯನ್ನು ಅವಳ ತಲೆಯ ಮೇಲಿಟ್ಟ. ಇಟ್ಟ ಕೈಯನ್ನು ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಡೀಸೆಲ್ ನಾರುವ ಎತ್ತಿಗೇ ಅಂದು ಪೂಜೆಯಾಯಿತು. ಮರುದಿನ ಅವಳು ಕೆಲಸಕ್ಕೆ ಹೊರಟಾಗ ಹಾಸಿಗೆಯಿಂದ ಮಾತು ಬಂತು. "ಖರೇ... ಮಳಿ. ತಾ."

"ಮಳಿ ನನ್ನ ಕೈಯಾಗ ಐತೇನ್ರಿ?" ಎಂದಳು ಮರಿಯವ್ವ, ಚಪ್ಪಲಿ ಮೆಟ್ಟುತ್ತ. ಇಂಥ ಜಗಳ ಆಡದೆ ಅವರಿಗೆ ವರ್ಷವಾಗಿತ್ತು.

ಅಂದೂ ಮಳೆ ಬರಲಿಲ್ಲ. ಮೋಡ ಕಪ್ಪತಗುಡ್ಡದ ಕಡೆ ಕೂಡಿ, ಚದುರಿ ಹೋಯಿತು ಎಂದು ಬುಡ್ಡೇಸಾಬ ಹೇಳಿದ. ಮರಿಯವ್ವ ಬಸ್ಸು ಹತ್ತಿ, ಎಂದಿನ ಹಾಗೆ ನರಳುತ್ತ ಬಗ್ಗಿದಳು. ಕೊನೆಯ ಸೀಟಿನ ಕೆಳಗೆ ಒಂದು ಹಳದಿ ಬೇವಿನ ಹಣ್ಣು ಬಿದ್ದಿತ್ತು. ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಉಡಿಗೆ ಹಾಕುವ ಮೊದಲು, ಒಂದು ಕ್ಷಣ ನಿಂತು, ಮೂಗಿಗೆ ಹಿಡಿದು ಮೂಸಿ ನೋಡಿದಳು.